ಹೊಂದಿಕೊಳ್ಳುವ ಪಾಠ ಮಗಳಿಗೆ ಮಾತ್ರ ಯಾಕೆ?

ಬಳ್ಳಾರಿಯ ಗಾಂಧಿನಗರದಲ್ಲಿ ನಾನು ಜಿಎಸ್‌ಟಿ ಲೆಕ್ಕ ಬರೆಯುವವಳು. ಜೀನ್ಸ್ ಹೊಲಿಸುವ ಸಣ್ಣ ಯೂನಿಟ್‌ನವರು, ಒಣಮೆಣಸಿನಕಾಯಿ ವ್ಯಾಪಾರದವರು, ಒಂದೆರಡು ಲಾರಿ ಇಟ್ಟುಕೊಂಡವರು ನನ್ನ ಗಿರಾಕಿಗಳು. ತಿಂಗಳ ಇಪ್ಪತ್ತನೇ ತಾರೀಖು ಹತ್ತಿರವಾದಂತೆ ಬಿಲ್ಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ. ಬಿಲ್ಲಿನ ಜೊತೆಗೆ ಮನೆಯ ಸುದ್ದಿಯನ್ನೂ ಬಿಚ್ಚುತ್ತಾರೆ. ಆ ಸುದ್ದಿಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಎದುರಾಗಿದೆ. ಕಾಲ ತಿರುಗಿದಾಗ ಮನೆಯ ಹೆಣ್ಣುಮಕ್ಕಳು ಹೇಗೋ ಬೇರೆ ದಾರಿ ಹಿಡಿಯುತ್ತಾರೆ. ಅದೇ ಮನೆಯ ಗಂಡುಮಕ್ಕಳು ಇದ್ದಲ್ಲೇ ನಿಂತುಬಿಡುತ್ತಾರೆ. ಹುಡುಗರು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ದಾರಿ ಬದಲಿಸಲು ಅವರನ್ನು ಯಾರೂ ಬಿಟ್ಟಿಲ್ಲ, ಅಷ್ಟೆ.

ಇಪ್ಪತ್ತು ದಾಟಿದವರಿಗೆ ‘ಬದಲಾವಣೆಗೆ ಒಗ್ಗಿಕೊಳ್ಳಿ’ ಎಂದು ಉಪದೇಶ ಮಾಡುವವರಿಗೆ ಈಗ ಬರವಿಲ್ಲ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಬಂದ ಮುಖ್ಯ ಅತಿಥಿ ಹೇಳುತ್ತಾರೆ, ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡುವವರೂ ಹೇಳುತ್ತಾರೆ. ಒಗ್ಗಿಕೊಳ್ಳುವುದು ಏನೋ ಮನಸ್ಸಿನ ಧೈರ್ಯದ ವಿಚಾರ ಎಂಬಂತೆ ಅವರ ಮಾತು. ನನ್ನ ಅನುಭವದಲ್ಲಿ ಅದು ಮನೆಯ ವಿಚಾರ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದರೆ ಮನೆಯ ಬಾಗಿಲು ತೆರೆಯುತ್ತದೋ ಇಲ್ಲವೋ ಎಂಬುದರ ಮೇಲೆ ಅರ್ಧ ತೀರ್ಮಾನವಾಗಿರುತ್ತದೆ. ಆ ಬಾಗಿಲು ಮಗನಿಗೆ ಒಂದು ಥರ, ಮಗಳಿಗೆ ಇನ್ನೊಂದು ಥರ.

ನಾನು ಬಿ.ಕಾಂ. ಮುಗಿಸಿದ್ದು ಮೈನ್ಸ್ ಕಾಲದ ಕೊನೆಯಲ್ಲಿ. ನಮ್ಮೂರಲ್ಲಿ ಈಗಲೂ ಜನ ಇಸವಿ ಹೇಳುವುದಿಲ್ಲ. ‘ಮೈನ್ಸ್ ಇದ್ದಾಗ’, ‘ಮೈನ್ಸ್ ನಿಂತ ಮೇಲೆ’ ಎನ್ನುತ್ತಾರೆ. ಚೀನಾಕ್ಕೆ ಅದಿರು ಬೇಕಾಗಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆಂದು ಅಲ್ಲಿ ಕಟ್ಟಡಗಳು ಏಳುತ್ತಿದ್ದವು, ಇಲ್ಲಿ ಸಂಡೂರಿನ ಗುಡ್ಡಗಳು ಲಾರಿಯೇರಿ ಬಂದರಿನ ದಾರಿ ಹಿಡಿದಿದ್ದವು. ನಾನು ಸೇರಿದ್ದು ಅದಿರು ಸಾಗಿಸುವ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿಗೆ. ತೂಕದ ಚೀಟಿ ನೋಡಿ ಟನ್ನಿನ ಲೆಕ್ಕ ಬರೆಯುವುದು, ಡೀಸೆಲ್ ಸ್ಲಿಪ್ಪು ಹೊಂದಿಸುವುದು, ಡ್ರೈವರುಗಳು ತೆಗೆದುಕೊಂಡ ಮುಂಗಡವನ್ನು ಬಾಟಾದಲ್ಲಿ ಮುರಿದುಕೊಳ್ಳುವುದು, ಇಷ್ಟೇ ಕೆಲಸ. ಕೆಂಪು ದೂಳು ಕೀಬೋರ್ಡಿನ ಸಂದಿಗೆಲ್ಲ ಇಳಿದು, ಎಂಟರ್ ಕೀ ಒತ್ತಿದರೆ ಮೇಲೇಳುತ್ತಲೇ ಇರಲಿಲ್ಲ. ಅದನ್ನು ಕೆದಕಿ ತೆಗೆಯಲೆಂದೇ ಹಳೆಯ ಟೂತ್‌ಬ್ರಷ್ಷೊಂದು ಮೇಜಿನ ಮೇಲಿರುತ್ತಿತ್ತು. ಅಲ್ಲಿಗೆ ಬಂದುಹೋಗುವ ಲಾರಿ ಮಾಲೀಕರಲ್ಲಿ ಎಷ್ಟೋ ಮಂದಿ ನನ್ನ ವಾರಿಗೆಯವರು. ಪಿಯುಸಿ ಬಿಟ್ಟವರು, ಡಿಪ್ಲೊಮಾ ಮಧ್ಯಕ್ಕೆ ಕೈಬಿಟ್ಟವರು, ಅಪ್ಪನ ಹೊಲದ ಮೇಲೆ ಸಾಲ ಎತ್ತಿ ಫೈನಾನ್ಸಿನಲ್ಲಿ ಟಿಪ್ಪರ್ ತಂದವರು. ಮುಂದಿನ ಗಾಜಿನ ಮೇಲೆ ಅವ್ವನ ಹೆಸರು, ಹಿಂದೆ ಮನೆದೇವರ ಹೆಸರು. ತಿಂಗಳಿಗೆ ಇಷ್ಟು ಟ್ರಿಪ್ ಆದರೆ ಕಂತು, ಅದರ ಮೇಲಾದದ್ದೆಲ್ಲ ಲಾಭ ಎಂಬ ಗಣಿತ ಅವರ ಬಾಯಲ್ಲೇ ಇರುತ್ತಿತ್ತು.

2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಸರ್ಕಾರದ ಕೈ ಸೇರಿತು. 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಿಲ್ಲಿಸಲೇಬೇಕಾಗಿತ್ತು ಎಂಬುದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಗುಡ್ಡ ಕದ್ದವರು ಕದ್ದೇ ಕದ್ದಿದ್ದರು. ಆದರೆ ಲಾರಿಗಳು ನಿಂತವು, ಕಂತು ನಿಲ್ಲಲಿಲ್ಲ.

ನಮ್ಮ ಆಫೀಸು ಬಹಳ ದಿನ ಉಳಿಯಲಿಲ್ಲ. ನಾನು, ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಇನ್ನೊಬ್ಬಳು, ಕೊನೆಯ ಸಂಬಳ ತೆಗೆದುಕೊಂಡು ಹೊರಬಿದ್ದವರೇ ಟ್ಯಾಲಿ ಕ್ಲಾಸಿಗೆ ಸೇರಿದೆವು. ಆಮೇಲೆ ನನಗೆ ಜೀನ್ಸ್ ಯೂನಿಟ್ಟೊಂದರಲ್ಲಿ ಲೆಕ್ಕದ ಕೆಲಸ ಸಿಕ್ಕಿತು, ಅವಳಿಗೆ ಔಷಧಿ ಏಜೆನ್ಸಿಯಲ್ಲಿ. ಸಂಬಳ ಮೊದಲಿನದಕ್ಕಿಂತ ಕಡಿಮೆ. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅನ್ನಲು ಏನಿತ್ತು? ‘ಮದುವಿ ಆಗೋ ತನಕ ಏನೋ ಒಂದು ಮಾಡ್ಲಿ ಬಿಡು’ ಎಂದು ಅಪ್ಪ ಮೊದಲೇ ಹೇಳಿಯಾಗಿತ್ತು. ನಮ್ಮ ದುಡಿಮೆಯನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲವಾದ್ದರಿಂದ, ಅದನ್ನು ಬದಲಿಸಿದ್ದಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿ ಬರಲಿಲ್ಲ. ಆ ಅಸಡ್ಡೆಯೇ ನಮ್ಮ ಪಾಲಿಗೆ ಸ್ವಾತಂತ್ರ್ಯವಾಯಿತು. ಹೇಳುವಾಗ ಈಗಲೂ ಸ್ವಲ್ಪ ಉರಿಯುತ್ತದೆ, ಆದರೆ ನಡೆದದ್ದು ಅದೇ.

ಹುಡುಗರಿಗೆ ಆ ಅಸಡ್ಡೆಯ ಭಾಗ್ಯ ಇರಲಿಲ್ಲ. ಲಾರಿ ಮಾಲೀಕ ಎಂದೇ ಅವರಿಗೆ ಹೆಣ್ಣು ಕೊಟ್ಟಿದ್ದರು, ಲಾರಿ ಮಾಲೀಕನ ಅಪ್ಪ ಎಂದೇ ಊರಿನ ಜಾತ್ರೆಯಲ್ಲಿ ಅಪ್ಪನಿಗೆ ಕುರ್ಚಿ ಹಾಕುತ್ತಿದ್ದರು. ಕುರುಗೋಡಿನ ಕಡೆಯ ಒಬ್ಬ ಹುಡುಗ, ನಮ್ಮ ಆಫೀಸಿಗೆ ಖಾಯಂ ಬರುತ್ತಿದ್ದವನು, ಟಿಪ್ಪರನ್ನು ಊರ ಹೊರಗೆ ನಿಲ್ಲಿಸಿ ‘ಮುಂದಿನ ತಿಂಗಳು ಬಿಡ್ತಾರಂತಕ್ಕಾ’ ಎಂದು ಕಾಯುತ್ತ ಕೂತ. ಆ ಮುಂದಿನ ತಿಂಗಳು 2013ರ ಏಪ್ರಿಲ್‌ವರೆಗೆ ಹೋಯಿತು. ಅಕ್ರಮ ಕಡಿಮೆ ಇದ್ದ ಎ ಮತ್ತು ಬಿ ವರ್ಗದ ಗಣಿಗಳಿಗೆ ಕೋರ್ಟು ಷರತ್ತಿನ ಮೇಲೆ ಅನುಮತಿ ಕೊಡುವ ಹೊತ್ತಿಗೆ ಅವನ ಟಿಪ್ಪರನ್ನು ಫೈನಾನ್ಸಿನವರು ಎಳೆದುಕೊಂಡು ಹೋಗಿ ಬಹಳ ಕಾಲವಾಗಿತ್ತು. ಮೊದಲ ದಿನಗಳಲ್ಲೇ ಬಂದಷ್ಟಕ್ಕೆ ಮಾರಿದ್ದರೆ ಹೊಲವಾದರೂ ಉಳಿಯುತ್ತಿತ್ತು. ಅವನಿಗೆ ಅದು ತಿಳಿಯದೆ ಇರಲಿಲ್ಲ. ಮಾರಲು ಗಿರಾಕಿಯನ್ನೂ ಹುಡುಕಿದ್ದ. ಬೇಡ ಎಂದದ್ದು ಹೆಣ್ಣು ಕೊಟ್ಟ ಮಾವ. ಅಳಿಯ ಲಾರಿ ಮಾರಿದ ಎಂದರೆ ಅವರ ಮುಖ ಎಲ್ಲಿ ಉಳಿಯುತ್ತದೆ?

ಈಗ ಟಿಪ್ಪರಿನ ಜಾಗಕ್ಕೆ ಸರ್ಕಾರಿ ನೌಕರಿಯ ಪರೀಕ್ಷೆ ಬಂದಿದೆ. ಸಂವಿಧಾನದ 371(ಜೆ) ವಿಧಿ ನಮ್ಮ ಭಾಗಕ್ಕೆ ಬಂದದ್ದು ದೊಡ್ಡ ಹೋರಾಟದಿಂದ. ಸ್ಥಳೀಯರಿಗೆ ನೌಕರಿಯಲ್ಲೂ ಕಾಲೇಜು ಸೀಟಿನಲ್ಲೂ ಮೀಸಲಾತಿ ಸಿಕ್ಕಿದೆ. ನಮ್ಮ ಓಣಿಯಿಂದಲೇ ಡಾಕ್ಟರು, ಎಂಜಿನಿಯರುಗಳು ಆಗಿದ್ದಾರೆ. ಅದರ ಬಗ್ಗೆ ಗೊಣಗುವವಳು ನಾನಲ್ಲ. ಆದರೆ ಪ್ರತಿ ಮನೆಯಲ್ಲೂ ಒಬ್ಬ ಮಗನನ್ನು ‘ಓದುವ ಹುಡುಗ’ ಎಂದು ಮಾಳಿಗೆಯ ರೂಮಿನಲ್ಲಿ ಕೂರಿಸಿ, ಅವನಿಗೆ ಮೂವತ್ತಾದರೂ ಕೆಳಗೆ ಇಳಿಸದೇ ಇರುವುದು ಯಾವ ವಿಧಿಯಲ್ಲೂ ಬರೆದಿಲ್ಲ. 545 ಪಿಎಸ್‌ಐ ಹುದ್ದೆಗಳ ಕಥೆ ಎಲ್ಲರಿಗೂ ಗೊತ್ತು. 2021ರ ಅಕ್ಟೋಬರಿನಲ್ಲಿ ಪರೀಕ್ಷೆ, ಮರುವರ್ಷ ಏಪ್ರಿಲಿನಲ್ಲಿ ಅಕ್ರಮ ಬಯಲಾಗಿ ನೇಮಕಾತಿ ರದ್ದು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ಕೆಎಎಸ್ ಪೂರ್ವಭಾವಿ. ಕನ್ನಡದ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರಿನಲ್ಲಿ ಮತ್ತೆ ಬರೆಸಿದರು. ನಡುವೆ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆಗಳೇ ನಿಂತವು. ಸರ್ಕಾರ ಒಂದೊಂದು ಸಲ ಗಡಿಯಾರ ನಿಲ್ಲಿಸಿದಾಗಲೂ ಹುಡುಗರ ವಯಸ್ಸು ನಿಲ್ಲುವುದಿಲ್ಲ.

ನಮ್ಮ ಓಣಿಯಲ್ಲೇ ಅಂಥ ಒಬ್ಬನಿದ್ದಾನೆ. ಹೆಸರು ಬೇಡ. ಎರಡೂ ಸಲ ಪಿಎಸ್‌ಐ ಬರೆದವನು. ಲೆಕ್ಕದಲ್ಲಿ ಬಹಳ ಚುರುಕು. ನಾನು ತಾಳೆ ನೋಡುತ್ತ ಕೂತ ಇನ್‌ವಾಯ್ಸ್ ಪಟ್ಟಿಯಲ್ಲಿ ನಿಂತಲ್ಲೇ ತಪ್ಪು ತೋರಿಸಿದವನು. ‘ಸಾಯಂಕಾಲ ಎರಡು ತಾಸು ಬಾರಪ್ಪ, ಕೆಲಸ ಕಲಿ, ಕೈಖರ್ಚಿಗೂ ಆಗುತ್ತೆ, ಓದು ಬಿಡಬೇಡ’ ಎಂದೆ. ಅವನ ತಾಯಿಗೆ ಅದು ಸರಿಬರಲಿಲ್ಲ. ‘ಓದಾಕತ್ತಾನವ್ವ, ಅದರಾಗ ಇದೆಲ್ಲ ಯಾಕ’ ಎಂದರು. ಅವನನ್ನು ಕೇಳಿದರೆ ನಕ್ಕ. ‘ಅಕ್ಕಾ, ನಿಮ್ಮ ಹತ್ರ ಕೂತರೆ ಮಂದಿ ಓದು ಬಿಟ್ಟ ಅಂತಾರ. ಬಿಟ್ಟ ಅಂದ ಮ್ಯಾಲೆ ಇಷ್ಟು ವರ್ಷ ಏನ್ ಮಾಡ್ದಿ ಅಂತಾರ. ಅದಕ್ಕೇನ್ ಹೇಳ್ಲಿ?’ ನನ್ನಲ್ಲಿ ಉತ್ತರ ಇರಲಿಲ್ಲ. ಅವನು ಪಾಸಾಗುವ ಆಸೆಯಿಂದ ಓದುತ್ತಿಲ್ಲ, ಆ ಪ್ರಶ್ನೆಯನ್ನು ಮುಂದೂಡಲು ಓದುತ್ತಿದ್ದಾನೆ. ಹೀಗೆ ಓದುವವರು ಬಳ್ಳಾರಿಯಿಂದ ಧಾರವಾಡದವರೆಗೆ ಎಷ್ಟು ರೂಮುಗಳಲ್ಲಿ ಇದ್ದಾರೋ.

ಹಾಗಾದರೆ ಹೆಣ್ಣುಮಕ್ಕಳು ಸುಖವಾಗಿದ್ದಾರೆ ಎಂದಲ್ಲ.

ಗಾಂಧಿನಗರದ ಹಿಂದಿನ ಓಣಿಗಳಲ್ಲಿ ಮಧ್ಯಾಹ್ನ ಹೊತ್ತು ಹೋದರೆ ಕಟ್ಟೆಯ ಮೇಲೆ ಜೀನ್ಸ್ ಪ್ಯಾಂಟಿನ ರಾಶಿ ಹಾಕಿಕೊಂಡು ಕೂತ ಹೆಂಗಸರು ಕಾಣುತ್ತಾರೆ. ದಾರ ಕಟ್ ಮಾಡುವ ಕೆಲಸ. ಮಷಿನ್ ಎಲ್ಲೆಲ್ಲಿ ನಿಂತು ತಿರುಗಿದೆಯೋ ಅಲ್ಲೆಲ್ಲ ದಾರದ ಒಂದು ಬಾಲ ಉಳಿದಿರುತ್ತದೆ: ಜೇಬಿನ ಮೂಲೆಯಲ್ಲಿ, ಬೆಲ್ಟ್ ಲೂಪಿನ ಎರಡೂ ತುದಿಗೆ, ಜಿಪ್ಪಿನ ಬುಡದಲ್ಲಿ, ಕಾಲಿನ ಮಡಿಕೆಯಲ್ಲಿ. ಪ್ಯಾಂಟನ್ನು ಒಳಹೊರಗು ಮಾಡಿ, ಸಣ್ಣ ಕತ್ತರಿಯಿಂದ ಬಟ್ಟೆಗೆ ತಾಗದ ಹಾಗೆ ಒಂದೊಂದನ್ನೇ ಕತ್ತರಿಸಬೇಕು. ವಾಷಿಂಗಿಗೆ ಹೋಗದ ಬಟ್ಟೆಯಾದರೆ ಸಂಜೆಯ ಹೊತ್ತಿಗೆ ಬೆರಳೆಲ್ಲ ನೀಲಿ. ಆ ನೀಲಿ ಒಂದು ಸೋಪಿಗೆ ಹೋಗುವುದಿಲ್ಲ, ರೊಟ್ಟಿ ತಟ್ಟುವಾಗ ಹಿಟ್ಟಿಗೂ ಹತ್ತುತ್ತದೆ. ಕೂಲಿ ಪೀಸಿನ ಲೆಕ್ಕ.

ಅವರಲ್ಲಿ ಒಬ್ಬಳು ಸಿರುಗುಪ್ಪದಿಂದ ಮದುವೆಯಾಗಿ ಬಂದವಳು. ಬಿ.ಎಸ್ಸಿ. ಓದಿದ್ದಾಳೆ, ಮದುವೆಗೆ ಮೊದಲು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಮದುವೆಯಾಯಿತು, ಕೆಲಸ ಬಿಟ್ಟಳು. ಗಂಡನಿಗೆ ತೋರಣಗಲ್ಲಿನ ಕಡೆ ಕಾಂಟ್ರ್ಯಾಕ್ಟ್ ಕೆಲಸ ಸಿಕ್ಕಿತು, ಅಲ್ಲಿಗೆ ಹೋದಳು. ಕಾಂಟ್ರ್ಯಾಕ್ಟ್ ಮುಗಿಯಿತು, ಅತ್ತೆಯ ಕಾಲು ಬಿದ್ದುಹೋಯಿತು, ತಿರುಗಿ ಬಳ್ಳಾರಿಗೆ ಬಂದಳು. ಮಗುವನ್ನು ಶಾಲೆಗೆ ಬಿಟ್ಟು ಮಧ್ಯಾಹ್ನ ದಾರ ಕತ್ತರಿಸುತ್ತಾಳೆ, ರಾತ್ರಿ ಬ್ಲೌಸಿಗೆ ಹುಕ್ಕು ಹಚ್ಚುತ್ತಾಳೆ, ಕೋವಿಡ್ ಲಾಕ್‌ಡೌನಿನಲ್ಲಿ ಮಾಸ್ಕ್ ಹೊಲಿದು ಮನೆ ನಡೆಸಿದ್ದಾಳೆ. ಅವಳಷ್ಟು ಬದಲಾವಣೆಗೆ ಒಗ್ಗಿಕೊಂಡವರನ್ನು ನಾನು ನೋಡಿಲ್ಲ. ವಾರ್ಷಿಕೋತ್ಸವದ ಮುಖ್ಯ ಅತಿಥಿಗಳು ಅವಳಿಗೊಂದು ಶಾಲು ಹೊದಿಸಬೇಕು. ಆದರೆ ಆ ಬದಲಾವಣೆಗಳಲ್ಲಿ ಒಂದೂ ಅವಳು ಆರಿಸಿಕೊಂಡದ್ದಲ್ಲ. ಪ್ರತಿ ತಿರುವಿನಲ್ಲೂ ಅವಳು ಒಂದೊಂದು ಮೆಟ್ಟಿಲು ಕೆಳಗೆ ಇಳಿದಿದ್ದಾಳೆ. ಹೊಂದಿಕೊಂಡು ಹೋಗು ಎಂದು ತವರಿನಲ್ಲಿ ಕಲಿಸಿದ್ದು ಇದನ್ನೇ.

ಮಗನಿಗೆ ಬಿಡಬೇಡ, ಮಗಳಿಗೆ ಹಿಡಿಯಬೇಡ. ಒಂದೇ ಸೂರಿನಡಿಯ ಈ ಎರಡು ಪಾಠಗಳು ಇಬ್ಬರನ್ನೂ ಕೆಡಿಸಿವೆ ಎಂಬುದು ನನ್ನ ದೂರು.

ವಿಚಿತ್ರವೆಂದರೆ ಈ ಊರು ಇಷ್ಟು ಬಿಗಿಯಾಗಿ ಇರಬೇಕಾದ ಊರೇ ಅಲ್ಲ. 1953ರ ಸೆಪ್ಟೆಂಬರ್ 30ರ ರಾತ್ರಿ ಮದ್ರಾಸ್ ರಾಜ್ಯದಲ್ಲಿ ಮಲಗಿದ ಬಳ್ಳಾರಿ ಬೆಳಗಾಗೆದ್ದು ಮೈಸೂರು ರಾಜ್ಯದಲ್ಲಿತ್ತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. 2014ರಲ್ಲಿ ಊರಿನ ಇಂಗ್ಲಿಷ್ ಹೆಸರೂ ತಿದ್ದುಪಡಿಯಾಯಿತು, ಬೋರ್ಡುಗಳನ್ನು ಇನ್ನೂ ಪೂರ್ತಿ ತಿದ್ದಿಲ್ಲ. 2021ರಲ್ಲಿ ಹೊಸಪೇಟೆ, ಹಂಪಿಗಳು ವಿಜಯನಗರ ಜಿಲ್ಲೆಯ ಪಾಲಾದವು. ಹಂಪಿ ನಮ್ಮ ಜಿಲ್ಲೆಯದು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದ ನಮ್ಮಂಥವರು ಈಗ ಪಕ್ಕದ ಜಿಲ್ಲೆಗೆ ಪ್ರವಾಸ ಹೋಗುತ್ತೇವೆ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು ಮಾತಾಡಿ ಒಂದೇ ದಿನದಲ್ಲಿ ಮೂರು ಸಲ ನಾಲಿಗೆ ಹೊರಳಿಸುವವರ ಊರಿದು.

ಬಳ್ಳಾರಿ ರಾಘವ ಅವರನ್ನೇ ನೋಡಿ. ವಕೀಲಿ ವೃತ್ತಿಯನ್ನು ಇಟ್ಟುಕೊಂಡೇ ರಂಗ ಹತ್ತಿದರು, ಗಂಡಸರೇ ಸೀರೆಯುಟ್ಟು ನಟಿಸುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗದ ಮೇಲೆ ಕರೆತಂದರು. ಆಗ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಹಾಸ್ಯ ಸಾಹಿತಿ ಬೀಚಿ ಪೊಲೀಸ್ ಇಲಾಖೆಯ ನೌಕರರು, ಅ.ನ.ಕೃ. ಅವರ ‘ಸಂಧ್ಯಾರಾಗ’ ಕಾದಂಬರಿ ಕೈಗೆ ಸಿಕ್ಕಿದ ಮೇಲೆ ಕನ್ನಡದ ಕಡೆ ತಿರುಗಿದವರು. ಇಬ್ಬರೂ ಇದ್ದ ನೌಕರಿ, ವೃತ್ತಿಗಳನ್ನು ಬಿಸಾಕಿ ಓಡಿದವರಲ್ಲ. ಒಂದು ಕೈ ಹಿಡಿದುಕೊಂಡೇ ಇತ್ತು, ಇನ್ನೊಂದು ಕೈ ಹೊಸದನ್ನು ತಡವುತ್ತಿತ್ತು.

ಜೀನ್ಸಿನ ಕಥೆಯೂ ಅಂಥದ್ದೇ, ಅದು ನನಗೆ ಹೆಚ್ಚು ಹತ್ತಿರದ್ದು. ಬ್ರಿಟಿಷರ ಕಂಟೋನ್ಮೆಂಟಿನ ಸಿಪಾಯಿಗಳಿಗೆ ಸಮವಸ್ತ್ರ ಹೊಲಿಯಲು ಮಹಾರಾಷ್ಟ್ರದ ಕಡೆಯಿಂದ ಬಂದು ನೆಲೆಸಿದ ದರ್ಜಿಗಳ ಮನೆಗಳು ಇಲ್ಲಿವೆ. ನನ್ನ ಗಿರಾಕಿಯೊಬ್ಬರದು ಅಂಥದೇ ಮನೆತನ. ಮುತ್ತಜ್ಜ ಖಾಕಿ ಹೊಲಿದರು. ಸಿಪಾಯಿಗಳು ಹೋದ ಮೇಲೆ ಅಜ್ಜ ಶಾಲೆ ಮಕ್ಕಳ ಚಡ್ಡಿಗೆ ಇಳಿದರು. ಅಪ್ಪ ಜೀನ್ಸ್ ಹಿಡಿದರು. ಮೊದಲು ದಪ್ಪ ಸೂಜಿ, ದಪ್ಪ ದಾರ ಬಂದವು, ದೊಡ್ಡ ಮಷಿನ್ ಆಮೇಲೆ ಬಂತು. ಕತ್ತರಿಸುವ ಮೇಜು ಮಾತ್ರ ಅಜ್ಜನದೇ. ಒಂದರ ಮೇಲೊಂದು ಬಟ್ಟೆ ಹರಡಿ, ಮೇಲೆ ಖಡಕ್ ಕಾಗದದ ಪ್ಯಾಟರ್ನ್ ಇಟ್ಟು ಸುಣ್ಣದ ಬಳಪದಲ್ಲಿ ಗೆರೆ ಎಳೆಯುವಾಗ ಎಲ್ಲಿ ಅರ್ಧ ಇಂಚು ಉಳಿಸಬಹುದು ಎಂದು ನೋಡುವ ಕಣ್ಣೂ ಅಜ್ಜನದೇ. ಮಾಲು ಎರಡು ಸಲ ಬದಲಾಯಿತು, ಅಳತೆ ಕಲಿತ ಕೈ ಬದಲಾಗಲಿಲ್ಲ. ಈಗಿನ ತಲೆಮಾರಿನಲ್ಲಿ ಕಟಿಂಗ್ ಮಾಡುವುದು ಮಗಳು, ವಾಟ್ಸ್‌ಆ್ಯಪಿನಲ್ಲಿ ಆರ್ಡರ್ ಹಿಡಿಯುವುದು ಮಗ. ‘ಹುಡುಗಿ ಕೈಯಾಗ ಕತ್ತರಿ ಕೊಟ್ಟರೇನ್ರೀ’ ಎಂದು ಅಕ್ಕಪಕ್ಕದವರು ಕೇಳಿದರಂತೆ. ಬಟ್ಟೆ ಯಾರು ಉಳಿಸ್ತಾರೋ ಅವರ ಕೈಗೆ ಕತ್ತರಿ ಎಂದು ಆ ತಂದೆ ಹೇಳಿ ಕಳಿಸಿದರು. ಅವರ ಪುಸ್ತಕ ನಾನೇ ಬರೆಯುತ್ತೇನೆ. ಬಟ್ಟೆಯ ಖರ್ಚು ಇಳಿದದ್ದು ನನಗೆ ಕಾಣುತ್ತದೆ.

ನನ್ನ ಕಸುಬೂ ಇದೇ ಪಾಠ ಹೇಳಿದೆ. 2017ರ ಜುಲೈ 1ಕ್ಕೆ ವ್ಯಾಟ್ ಹೋಗಿ ಜಿಎಸ್‌ಟಿ ಬಂದಾಗ ನನಗಿಂತ ಬುದ್ಧಿವಂತರು ಕೆಲವರು ಕೈಚೆಲ್ಲಿದರು. ಅದೇ ವೇಳೆ ಅರವತ್ತು ದಾಟಿದ ಗುಮಾಸ್ತರೊಬ್ಬರು ನಮ್ಮ ಜೊತೆ ಕೂತು, ಕನ್ನಡಕ ಒರೆಸಿಕೊಳ್ಳುತ್ತ ಎಚ್‌ಎಸ್‌ಎನ್ ಕೋಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಲಿತರು. ಗಂಡಸರ ಪ್ಯಾಂಟು 6203, ಹೆಂಗಸರದು 6204. ಮೊದಲು ಸಾವಿರ ರೂಪಾಯಿವರೆಗಿನ ಪ್ಯಾಂಟಿಗೆ ಶೇ 5, ಅದರ ಮೇಲೆ ಶೇ 12 ಇತ್ತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗೆ ಶೇ 5, ಅದಕ್ಕೂ ಮೇಲಾದರೆ ಶೇ 18. ದರ ಹೀಗೆ ಬದಲಾದಾಗಲೆಲ್ಲ ನಾನು ಗೊಣಗುತ್ತೇನೆ, ಆಮೇಲೆ ತಿದ್ದಿಕೊಳ್ಳುತ್ತೇನೆ. ಜಮೆ-ಖರ್ಚು ಗೊತ್ತಿದ್ದವರಿಗೆ ದರ ಬದಲಾದರೆ ಒಂದು ವಾರದ ತಲೆನೋವು, ಅಷ್ಟೆ. ಹುಡುಗರಿಗೂ ಹುಡುಗಿಯರಿಗೂ ನಾನು ಇದನ್ನೇ ಹೇಳುವುದು: ಹುದ್ದೆಯ ಹೆಸರು ಹೋದರೂ ನಿಮ್ಮ ಹತ್ತಿರ ಉಳಿಯುವ ಕೆಲಸ ಯಾವುದು ಎಂದು ನೋಡಿಕೊಳ್ಳಿ.

ಈ ಮಾತು ಸಿರುಗುಪ್ಪ, ಕುರುಗೋಡಿನ ಗದ್ದೆಗಳಿಗೂ ಸಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಆಮೇಲೆ 33 ಗೇಟುಗಳನ್ನೂ ಬದಲಿಸಬೇಕೆಂದು 2025-26ರ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವಾಯಿತು. ಭತ್ತ ಬಿಟ್ಟು ಬೇರೆ ಬೆಳೆ ಗೊತ್ತಿಲ್ಲದ ಕಾಲುವೆ ಕೆಳಗಿನ ಮನೆಗಳಲ್ಲಿ ಆ ಸುದ್ದಿ ಹೇಗೆ ಬಿತ್ತು ಎಂದು ಬಿಲ್ಲು ತಂದವರ ಮುಖ ನೋಡಿದರೇ ತಿಳಿಯುತ್ತಿತ್ತು. ಕಟಾವು ಮಷಿನ್ನಿಗೆ ಸಾಲ ಮಾಡಿದ ಹುಡುಗರಿಗೆ ಮತ್ತೆ ಅದೇ ಟಿಪ್ಪರಿನ ಕಥೆ. ನೆಲದ ಹಸಿಯಲ್ಲೇ ಕಡಲೆ, ಜೋಳ ಹಾಕೋಣ ಎಂದು ಒಂದು ಮನೆಯಲ್ಲಿ ಬಾಯಿಬಿಟ್ಟವಳು ಸೊಸೆ. ಅವಳ ತವರು ಒಣಬೇಸಾಯದ ಸೀಮೆ. ‘ನೀರಾವರಿ ಹೊಲದಾಗ ಕಡ್ಲಿ ಬಿತ್ತಿದರ ನಗ್ತಾರ’ ಎಂದರಂತೆ ಮಾವ. ನಕ್ಕರೋ ಇಲ್ಲವೋ, ಕಡಲೆಯಂತೂ ಬಿತ್ತಿದರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಬದಲಾವಣೆಗೆ ಒಗ್ಗಿಕೊಳ್ಳಿ ಎಂಬ ಮಾತು ಕೆಲಸ ಕೊಡುವವರಿಗೆ ಬಲು ಅನುಕೂಲ. ವರ್ಷ ವರ್ಷ ಕಾಂಟ್ರ್ಯಾಕ್ಟ್ ಮುರಿಯುವವರು, ಅತಿಥಿ ಉಪನ್ಯಾಸಕರನ್ನು ಪ್ರತಿ ಬೇಸಿಗೆಗೆ ಮನೆಗೆ ಕಳಿಸುವವರು, ಬಿಸಿಲಲ್ಲಿ ಊಟದ ಪೊಟ್ಟಣ ಹೊರಿಸಿ ರೇಟು ಇಳಿಸುವವರು, ಎಲ್ಲರೂ ಈ ಮಾತನ್ನೇ ಆಡುತ್ತಾರೆ. 2021ರಲ್ಲಿ ಡಿಗ್ರಿಗೆ ಸೇರಿದವರಿಗೆ ನಾಲ್ಕು ವರ್ಷದ ಪದವಿ ಎಂದರು, 2024ರಲ್ಲಿ ಸೇರಿದವರಿಗೆ ಮತ್ತೆ ಮೂರೇ ವರ್ಷ ಎಂದರು. ಒಗ್ಗಿಕೊಳ್ಳುವುದು ಮಕ್ಕಳ ಪಾಲಿಗೆ. ಮೇಲಿನವರ ಅವ್ಯವಸ್ಥೆಗೆ ಕೆಳಗಿನವರ ಸಹನೆಯನ್ನು ಗುಣವೆಂದು ಕರೆಯಲು ನಾನು ಸಿದ್ಧಳಿಲ್ಲ. ಆ ವಿಷಯಕ್ಕೆ ಜಗಳವೇ ಆಗಬೇಕು, ಸಂಘಟನೆಯೇ ಆಗಬೇಕು. ನಾನು ಹೇಳುತ್ತಿರುವುದು ಮನೆಯೊಳಗಿನ ಮಾತು. ಸರ್ಕಾರವನ್ನು ತಿದ್ದಲು ಸಮಯ ಬೇಕು. ಅಪ್ಪ-ಅವ್ವ ತಿದ್ದಿಕೊಳ್ಳಲು ಒಂದು ಸಂಜೆ ಸಾಕು.

ಪರೀಕ್ಷೆಗೆ ಕೂರುವ ಮಗನಿಗೆ ಕೂರುವ ಮೊದಲೇ ಒಂದು ತಾರೀಖು ಹಾಕಿ, ಅವನ ಒಪ್ಪಿಗೆ ಪಡೆದು ಹಾಕಿ. ಆ ತಾರೀಖು ಬಂದ ದಿನ ಯಾಕೆ ಆಗಲಿಲ್ಲ ಎಂದು ಕೇಳಬೇಡಿ. ಮುಂದೇನು ಎಂದಷ್ಟೇ ಕೇಳಿ. ಓದಿನ ಜೊತೆಗೆ ದಿನಕ್ಕೆರಡು ತಾಸು ಕೈಗೆ ಹತ್ತುವ ಕೆಲಸವಿರಲಿ, ಮಂದಿ ಏನೇ ಅನ್ನಲಿ. ಮಗಳಿಗೂ ಅದೇ ತಾರೀಖು ಕೊಡಿ. ‘ಇಷ್ಟು ವರ್ಷ ನಿನ್ನ ಕೆಲಸ, ನಿನ್ನ ಓದು, ಯಾರೂ ಅಡ್ಡ ಬರುವುದಿಲ್ಲ’ ಎಂಬುದು ಮದುವೆಯ ಮಾತಿನಲ್ಲೇ, ಬೀಗರ ಎದುರಿಗೇ ತೀರ್ಮಾನವಾಗಬೇಕು. ವರದಕ್ಷಿಣೆಯ ಮಾತನ್ನು ಕಿವಿಯಲ್ಲಿ ಆಡಿ ಮುಗಿಸುವ ನಮ್ಮ ಜನಕ್ಕೆ ಇದನ್ನು ಬಾಯಿಬಿಟ್ಟು ಆಡುವುದು ಕಷ್ಟವಾಗಬಾರದು. ಅವಳ ಸಂಬಳ ಅವಳ ಖಾತೆಗೇ ಬೀಳಲಿ. ಎಷ್ಟೋ ಸೊಸೆಯಂದಿರ ಪಾಸ್‌ಬುಕ್ಕು ಅತ್ತೆಯ ಟ್ರಂಕಿನಲ್ಲಿ ಇರುವುದನ್ನು ನಾನು ರಿಟರ್ನ್ಸ್ ತುಂಬುವಾಗ ಕಂಡಿದ್ದೇನೆ.

ಹೇಳುವುದು ಸುಲಭ ಎನ್ನುವವರಿಗೆ ನಮ್ಮ ಮನೆಯದೇ ಪ್ರಕರಣ ಇದೆ. ನನ್ನ ಅಕ್ಕನ ಮಗ ಕೆಮಿಕಲ್ ಎಂಜಿನಿಯರಿಂಗ್ ಮುಗಿಸಿ, ಎರಡು ಸಲ ಪರೀಕ್ಷೆ ಬರೆದು, ಈಗ ಜೀನ್ಸ್ ವಾಷಿಂಗ್ ಯೂನಿಟ್ಟೊಂದರ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಸೇರುತ್ತೇನೆ ಎನ್ನುತ್ತಿದ್ದಾನೆ. ಬಣ್ಣದ ನೀರನ್ನು ಹಾಗೇ ಹರಿಯಬಿಟ್ಟರೆ ಮಾಲಿನ್ಯ ನಿಯಂತ್ರಣ ಮಂಡಳಿ ಬೀಗ ಹಾಕುತ್ತದೆ. ಹಾಗಾಗಿ ಆ ಕೆಲಸ ತಿಳಿದವರಿಗೆ ಬೇಡಿಕೆ ಇದೆ ಎಂಬುದು ಅವನ ವಾದ. ‘ಎಂಜಿನಿಯರಿಂಗ್ ಓದಿಸಿದ್ದು ಚರಂಡಿ ನೀರು ನೋಡಾಕಾ?’ ಎಂಬುದು ಭಾವನ ವಾದ. ಅವನ ತಂಗಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡಬೇಕೆಂದಿದ್ದಾಳೆ, ಅವಳಿಗೆ ಗಂಡು ನೋಡಲು ಶುರುಮಾಡಿದ್ದಾರೆ. ‘ಒಳ್ಳೆ ಮನೆತನ, ಅಲ್ಲೇ ಹೋಗಿ ಓದಿಕೋ, ಹೊಂದಿಕೊಂಡರಾಯ್ತು’ ಎಂಬ ಮಾತು ಆಗಲೇ ಬಂದಿದೆ. ಕಳೆದ ಸಲ ಎಲ್ಲರೂ ಸೇರಿದಾಗ ಆ ಹುಡುಗಿ ನೇರವಾಗಿ ಕೇಳಿದಳು: ‘ಅಣ್ಣಗ ಓದಾಕ ಎರಡು ವರ್ಷ ಕೊಟ್ರಿ. ಅವ ಬ್ಯಾಡ ಅಂದ ಮೇಲೂ ಇನ್ನೊಂದು ವರ್ಷ ಕೊಡಾಕ ರೆಡಿ ಇದ್ದೀರಿ. ಆ ವರ್ಷ ನನಗ ಕೊಡ್ರಿ.’

ಭಾವ ಇಬ್ಬರಿಗೂ ಇನ್ನೂ ಉತ್ತರ ಕೊಟ್ಟಿಲ್ಲ. ‘ಯುಗಾದಿ ಆಗಲಿ, ಕೂತು ಮಾತಾಡೋಣ’ ಎಂದಿದ್ದಾರೆ. ಯುಗಾದಿ ಆದ ಮೇಲೆ ಯಾವ ತಾರೀಖು ಎಂದು ನಾನು ಕೇಳಿದ್ದೇನೆ.